ಸಮೂಹಗಾನದ ಸಾಧಕ ಜಾನ್ ಕರ್ವೆನ್

ಕೂಡಿ ಹಾಡುವುದು ಮನುಷ್ಯನ ಸಹಜವಾದ ಬಯಕೆ. ಬೀಸುವಾಗ, ಕುಟ್ಟುವಾಗ, ಬಿತ್ತುವಾಗ, ತೊಟ್ಟಿಲು ತೂಗುವಾಗ ಹಾಡು ತಾನಾಗಿಯೇ ಬಾಯಿಗೆ ಬರುತ್ತದೆ. ದೇವರ ಮುಂದೆ ನೆರೆದಾಗಲಂತೂ ಹತ್ತು ಕೊರಳುಗಳು ಒಂದಾಗಬೇಕೆಂದು ಹಂಬಲಿಸುತ್ತವೆ. ಆದರೆ ಬಯಕೆಯೊಂದೇ ಸಾಲದು. ಹಾಡಿನ ವಿದ್ಯೆಯು ಕೆಲವರ ಸೊತ್ತಾಗಿ, ಉಳಿದವರು ಮೂಕರಾಗಿ ಕುಳಿತು ಕೇಳುವುದೇ ಸರಿಯೆಂದು ಭಾವಿಸಿದ ಕಾಲವು ಅನೇಕ ನಾಡುಗಳಲ್ಲಿ ಬಂದುಹೋಗಿದೆ. ಅಂಥದೊಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಗಣಿಯ ಕೂಲಿಕಾರನಿಗೂ ಗಿರಣಿಯ ಹೆಣ್ಣುಮಗಳಿಗೂ ಹಾಡನ್ನು ಓದಿ ಹಾಡುವ ಬಲವನ್ನು ತಂದುಕೊಟ್ಟ ಮಹನೀಯರು ಜಾನ್ ಕರ್ವೆನ್. ಅವರ ಚರಿತ್ರೆಯಲ್ಲಿ ವಿಚಿತ್ರವಾದುದೊಂದುಂಟು. ಅಸಂಖ್ಯ ಜನರ ಕೊರಳನ್ನು ತೆರೆಯಿಸಿದ ಈ ಪುರುಷರಿಗೆ ಮೊದಲಲ್ಲಿ ತಮ್ಮ ಕೊರಳನ್ನು ಒಂದು ಧಾಟಿಯಲ್ಲಿ ನಿಲ್ಲಿಸಿಕೊಳ್ಳುವುದೇ ಕಷ್ಟವಾಗಿದ್ದಿತು.

ಕರ್ವೆನ್ನರು 1816ನೆಯ ಇಸವಿ ನವೆಂಬರ್ 14ರಂದು ಯಾರ್ಕ್‌ಶೈರ್ ಸೀಮೆಯ ಹೆಕ್ಮಂಡ್‌ವೈಕ್ ಎಂಬ ಊರಿನಲ್ಲಿ ಜನಿಸಿದರು. ಅದು ಉಣ್ಣೆಯ ನೇಯ್ಗೆಯನ್ನು ನಂಬಿ ಬಾಳುತ್ತಿದ್ದ ಜನರ ಊರು. ತಂದೆಯವರಾದ ಸ್ಪೆಡಿಂಗ್ ಕರ್ವೆನ್ನರು ಧರ್ಮೋಪದೇಶಕರು. ರಾಜಾಶ್ರಯದಲ್ಲಿದ್ದ ಇಂಗ್ಲೆಂಡಿನ ಚರ್ಚಿಗೆ ಒಳಪಡದೆ, ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುತ್ತಿದ್ದ ಸ್ವತಂತ್ರ ಸಭೆಗಳು ಆ ದೇಶದಲ್ಲಿ ಹಲವಿದ್ದುವು. ಅಂಥ ಸಭೆಗಳ ಸೇವೆಯೇ ಆ ಮನೆತನದ ಕಾಯಕ. ಮಗನೂ ಅದೇ ದಾರಿಯನ್ನು ಹಿಡಿದು ವಿದ್ಯಾಭ್ಯಾಸವನ್ನು ಮುಗಿಸಿ, 1838ರಲ್ಲಿ ಬೇಸಿಂಗ್‌ಸ್ಟೋಕ್ ಎಂಬ ಪಟ್ಟಣದಲ್ಲಿ ಸಹಾಯಕ ಉಪದೇಶಕರಾಗಿ ನಿಂತರು.

ಆ ಕಾಲದ ಇಂಗ್ಲೆಂಡಿನಲ್ಲಿ ಬಡವರ ಮಕ್ಕಳು ವಾರದ ಆರು ದಿನವೂ ಗಿರಣಿಯಲ್ಲಿಯೋ ಹೊಲದಲ್ಲಿಯೋ ದುಡಿಯುವುದು ಸಾಮಾನ್ಯವಾಗಿದ್ದಿತು. ಅವರಿಗೆ ಅಕ್ಷರದ ದರ್ಶನವಾಗುತ್ತಿದ್ದುದು ರವಿವಾರದ ಪಾಠಶಾಲೆಯಲ್ಲಿ ಮಾತ್ರ. ಕರ್ವೆನ್ನರಿಗೆ ಮಕ್ಕಳೆಂದರೆ ಬಹು ಪ್ರೀತಿ. ದಣಿದು ಬಂದ ಮಕ್ಕಳ ಮನಸ್ಸು ಉಪದೇಶದ ಮಾತಿಗಿಂತ ಬೇಗನೆ ಹಾಡಿಗೆ ಒಲಿಯುವುದೆಂಬುದನ್ನು ಅವರು ಕಂಡುಕೊಂಡರು. ಆದರೆ ಕಲಿಸುವುದು ಹೇಗೆ? ಬೇರೆಯವರು ಹಾಡಿ ತೋರಿಸಿದರೆ ಅದನ್ನು ಕಷ್ಟಪಟ್ಟು ಅನುಸರಿಸಬಲ್ಲವರಾಗಿದ್ದರೇ ಹೊರತು, ಪುಸ್ತಕದಲ್ಲಿ ಬರೆದ ಧಾಟಿಯನ್ನು ತಾವಾಗಿ ಓದಿ ಹಾಡುವುದು ಅವರಿಂದ ಆಗುತ್ತಿರಲಿಲ್ಲ. ಐದು ಗೆರೆಗಳ ಮೇಲೆ ಏರಿಳಿಯುವ ಆ ಪಾಶ್ಚಾತ್ಯ ಸ್ವರಲಿಪಿಯು, ಅದರ ಚಿಹ್ನೆಗಳು, ಅವುಗಳಿಗೆ ಹಚ್ಚಿದ ನಿಯಮಗಳು ಅವರ ಪಾಲಿಗೆ ಬೀಗ ಹಾಕಿದ ಬಾಗಿಲಾಗಿದ್ದುವು.

ಬೀಗವು ತಮಗೊಬ್ಬರಿಗೇ ಅಲ್ಲ, ಎಲ್ಲ ಬಡಜನರಿಗೂ ಹಾಕಿದುದು ಎಂಬ ಅರಿವು ಅವರಲ್ಲಿ ಮೂಡಿದುದೇ ಮುಂದಿನ ಸಾಧನೆಗೆ ಬೀಜವಾಯಿತು. ಹುಟ್ಟಿನಿಂದಲೇ ಸಂಗೀತ ಬಲ್ಲವನಿಗೆ, ಬಾರದವನು ಎಲ್ಲಿ ಎಡವುತ್ತಾನೆಂಬುದು ಕಾಣಿಸುವುದಿಲ್ಲ. ಕರ್ವೆನ್ನರು ಪ್ರತಿಯೊಂದು ಮೆಟ್ಟಿಲಲ್ಲಿಯೂ ತಾವೇ ಎಡವಿದವರು. ಆದುದರಿಂದ ಯಾವ ಮೆಟ್ಟಿಲು ಎಷ್ಟು ಎತ್ತರವೆಂಬುದನ್ನು ಅವರು ಚೆನ್ನಾಗಿ ಬಲ್ಲವರಾದರು.

1841ರಲ್ಲಿ ಹಲ್ ಪಟ್ಟಣದಲ್ಲಿ ರವಿವಾರದ ಪಾಠಶಾಲೆಗಳ ಶಿಕ್ಷಕರ ಸಮ್ಮೇಳನವು ಸೇರಿದ್ದಿತು. ಪ್ರಾರ್ಥನಾ ಮಂದಿರಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಜನರೆಲ್ಲ ಹಾಡುವಂತಾಗಲು ಸರಳವಾದ ಬೋಧನಕ್ರಮವೊಂದನ್ನು ಹುಡುಕಿ ಕೊಡಬೇಕೆಂದು ಆ ಸಭೆಯು ತರುಣ ಕರ್ವೆನ್ನರಿಗೆ ಹೊಣೆಯನ್ನು ವಹಿಸಿತು. ಸಂಗೀತ ಬಾರದವನ ತಲೆಯ ಮೇಲೆ ಸಂಗೀತದ ಹೊರೆಯು ಬಂದಿತು. ಅವರು ಅದನ್ನು ಇಳಿಸಿಕೊಳ್ಳಲಿಲ್ಲ. ಬಾಳಿನ ಕೊನೆಯವರೆಗೂ ಹೊತ್ತರು.

ಹುಡುಕಾಟದ ಉತ್ತರವನ್ನು ಅವರಿಗಿಂತ ಮೊದಲೇ ಒಬ್ಬ ಸಾಧ್ವಿಯು ಕಂಡಿದ್ದಳು. ನಾರಿಚ್ ಪಟ್ಟಣದ ಸಾರಾ ಗ್ಲೋವರ್ ಎಂಬಾಕೆ ಒಬ್ಬ ಪಾದ್ರಿಯ ಮಗಳು. 1786ರಲ್ಲಿ ಹುಟ್ಟಿದ ಈಕೆಯು ಬಡ ಮಕ್ಕಳ ಶಾಲೆಯಲ್ಲಿ ಹಾಡು ಕಲಿಸುತ್ತ, ಗೆರೆಗಳ ಲಿಪಿಯನ್ನು ಬದಿಗಿಟ್ಟು, ಸ್ವರಗಳ ಹೆಸರಿನ ಮೊದಲಕ್ಷರಗಳಿಂದಲೇ ಹಾಡನ್ನು ಬರೆಯುವ ಕ್ರಮವನ್ನು ರೂಪಿಸಿದ್ದಳು. ಸ್ವರಗಳನ್ನು ಒಂದರ ಮೇಲೊಂದು ಬರೆದ ಏಣಿಯ ಪಟವನ್ನು ಗೋಡೆಗೆ ತೂಗುಹಾಕಿ, ಕೋಲಿನಿಂದ ತೋರಿಸುತ್ತ ಹಾಡಿಸುತ್ತಿದ್ದಳು. 1835ರಲ್ಲಿ ಆ ಕ್ರಮವನ್ನು ವಿವರಿಸುವ ಪುಸ್ತಕವನ್ನೂ ಪ್ರಕಟಿಸಿದಳು. ಆ ಪುಸ್ತಕವು ಕರ್ವೆನ್ನರ ಕೈಗೆ ಬಂದಿತು. ಅದನ್ನು ಹಿಡಿದು ಅಭ್ಯಾಸಕ್ಕೆ ತೊಡಗಿದ ಅವರು ಸ್ವಲ್ಪ ಕಾಲದಲ್ಲಿಯೇ, ಯಾರ ಸಹಾಯವೂ ಇಲ್ಲದೆ ಒಂದು ಪ್ರಾರ್ಥನಾಗೀತದ ಧಾಟಿಯನ್ನು ಓದಿ ಹಾಡಬಲ್ಲವರಾದರು. ತಮ್ಮ ಕೊರಳಿನಿಂದಲೇ ಸರಿಯಾದ ಸ್ವರವು ಹೊರಟಾಗ ಅವರಿಗಾದ ಆನಂದವನ್ನು, ಬಹುಕಾಲ ಮುಚ್ಚಿದ್ದ ಬಾಗಿಲು ತೆರೆದುದನ್ನು ಕಂಡವರೇ ಊಹಿಸಬಲ್ಲರು.

ಈ ಕ್ರಮದ ತಿರುಳು ಕನ್ನಡ ನಾಡಿನ ಭಜನೆಯ ಮನೆಗಳಲ್ಲಿ ಹಾಡುವವರಿಗೆ ಹೊಸದಾಗಿ ತೋರಲಾರದು. ಇಲ್ಲಿ ಹಾಡುವವನು ತನ್ನ ಕೊರಳಿಗೆ ಒಗ್ಗುವ ಶ್ರುತಿಯನ್ನು ಹಿಡಿದು ಅದನ್ನೇ ಷಡ್ಜವೆನ್ನುತ್ತಾನೆ. ಉಳಿದ ಸ್ವರಗಳೆಲ್ಲವೂ ಆ ಷಡ್ಜವನ್ನು ನೋಡಿಕೊಂಡು ತಮ್ಮ ತಮ್ಮ ಸ್ಥಾನಗಳಲ್ಲಿ ನಿಲ್ಲುತ್ತವೆ. ಶ್ರುತಿಯು ಏರಲಿ, ಇಳಿಯಲಿ, ಸ್ವರಗಳ ನಡುವಣ ಸಂಬಂಧ ಮಾತ್ರ ಬದಲಾಗುವುದಿಲ್ಲ. ಗ್ಲೋವರ್ ಮತ್ತು ಕರ್ವೆನ್ನರ ಕ್ರಮದಲ್ಲಿಯೂ ಹಾಗೆಯೇ. ದೋ, ರೇ, ಮೀ, ಫಾ, ಸೋ, ಲಾ, ಟೀ ಎಂಬ ಏಳು ಸ್ವರಗಳಲ್ಲಿ ದೋ ಎಂಬುದು ಆಧಾರ. ಅದು ಎಲ್ಲಿ ನಿಂತರೂ ಉಳಿದವು ಅದರ ಸುತ್ತ ಕೂಡಿಕೊಳ್ಳುತ್ತವೆ. ಪ್ರತಿಯೊಂದು ಸ್ವರಕ್ಕೂ ಒಂದೊಂದು ಭಾವವುಂಟೆಂದು ಕರ್ವೆನ್ನರು ಕಲಿಸುತ್ತಿದ್ದರು. ದೋ ದೃಢವಾದುದು, ಮೀ ಶಾಂತವಾದುದು, ಸೋ ಉಜ್ಜ್ವಲವಾದುದು, ಲಾ ದುಃಖದ ಸ್ವರ, ಟೀ ಮೇಲಕ್ಕೆ ಚುಚ್ಚುವ ಸ್ವರ. ಮಕ್ಕಳು ಸ್ವರವನ್ನು ಲೆಕ್ಕದಂತೆ ಎಣಿಸದೆ, ಬಂಧುವಿನ ಮುಖದಂತೆ ಗುರುತು ಹಿಡಿಯಬೇಕೆಂಬುದು ಅವರ ಆಶಯ. ಮುಂದೆ 1870ರಲ್ಲಿ ಅವರು ಕೈಸನ್ನೆಗಳನ್ನೂ ಸೇರಿಸಿದರು. ಬಿಗಿದ ಮುಷ್ಟಿಯು ದೋ. ನೆಲಕ್ಕೆ ಸಮನಾಗಿ ಚಾಚಿದ ಅಂಗೈ ಮೀ. ಜೋತುಬಿದ್ದ ಕೈ ಲಾ. ಮೇಲಕ್ಕೆ ತೋರಿಸುವ ಬೆರಳು ಟೀ. ಅಕ್ಷರ ಬಾರದ ಮಗುವೂ ಗುರುವಿನ ಕೈಯನ್ನು ನೋಡಿ ಹಾಡಬಹುದಾಯಿತು.

ಇಷ್ಟಾದರೂ ಕರ್ವೆನ್ನರ ಬಾಳಿನಲ್ಲಿ ನೋವಿನ ಪ್ರಸಂಗವೊಂದು ಸೇರಿಕೊಂಡಿತು. ಸಾರಾ ಗ್ಲೋವರಳ ಪದ್ಧತಿಯನ್ನು ಅವರು ಇದ್ದಂತೆಯೇ ಉಳಿಸಿಕೊಳ್ಳಲಿಲ್ಲ. ದೊಡ್ಡ ಅಕ್ಷರಗಳ ಬದಲು ಸಣ್ಣ ಅಕ್ಷರಗಳನ್ನು ಇಟ್ಟರು. ತಾಳದ ಎಣಿಕೆಯನ್ನು ತೋರಿಸಲು ಚುಕ್ಕೆಗಳ ಹೊಸ ಕ್ರಮವನ್ನು ತಂದರು. ಇವೆಲ್ಲವನ್ನೂ ಆಕೆಯ ಒಪ್ಪಿಗೆಯನ್ನು ಮೊದಲು ಪಡೆಯದೆಯೇ ಮಾಡಿದರು. ವರ್ಷಗಟ್ಟಲೆ ತಾಳ್ಮೆಯಿಂದ ಕಟ್ಟಿದ ಮನೆಯ ಗೋಡೆಗಳನ್ನು ಪರರು ಸರಿಸಿದಂತೆ ಆಕೆಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆ ಬದಲಾವಣೆಗಳು ಆಕೆಗೆ ಹಿಡಿಸಲಿಲ್ಲ. ಸದುದ್ದೇಶದ ಆತುರವೂ ಒಮ್ಮೊಮ್ಮೆ ಹಿರಿಯರ ಮನಸ್ಸನ್ನು ನೋಯಿಸುವುದುಂಟು. ಕರ್ವೆನ್ನರು ಇದರಲ್ಲಿ ನಿರ್ದೋಷಿಗಳೆಂದು ಹೇಳಲಾಗದು. ಆದರೆ ಅವರು ತಮ್ಮ ಋಣವನ್ನು ಎಂದೂ ಮರೆಮಾಚಲಿಲ್ಲ. ಪದ್ಧತಿಯ ಮೂಲವು ನಾರಿಚ್ಚಿನ ಆ ತಾಯಿಯದೆಂಬುದನ್ನು ತಮ್ಮ ಬರಹಗಳಲ್ಲಿ ಒಪ್ಪಿಕೊಂಡರು. 1867ರಲ್ಲಿ ಆಕೆಯು ತೀರಿಕೊಂಡಳು. ಪ್ರಪಂಚವು ಪದ್ಧತಿಗೆ ಕರ್ವೆನ್ನರ ಹೆಸರನ್ನೇ ಹೆಚ್ಚಾಗಿ ಹಚ್ಚಿದರೂ, ಮೂಲವನ್ನು ತಿಳಿದವರು ಇಬ್ಬರನ್ನೂ ಜೊತೆಗೆ ನೆನೆಯುತ್ತಾರೆ.

1843ರಲ್ಲಿ ಕರ್ವೆನ್ನರ ಮೊದಲ ಸಂಗೀತ ಬೋಧನೆಯ ಪುಸ್ತಕವು ಹೊರಬಂದಿತು. 1844ರಲ್ಲಿ ಅವರು ಲಂಡನ್ನಿನ ಹತ್ತಿರದ ಪ್ಲಾಸ್ಟೊ ಎಂಬಲ್ಲಿಗೆ ಉಪದೇಶಕರಾಗಿ ಬಂದರು. ಮರುವರ್ಷ ವಿವಾಹವಾಯಿತು. ಪದ್ಧತಿಗೆ ಟಾನಿಕ್ ಸೋಲ್-ಫಾ ಎಂಬ ಹೆಸರು ನಿಂತಿತು. 1853ರಲ್ಲಿ ಅದರ ಪ್ರಚಾರಕ್ಕಾಗಿ ಸಂಘವೊಂದು ಸ್ಥಾಪನೆಯಾಯಿತು, ಪತ್ರಿಕೆಯೂ ನಡೆಯತೊಡಗಿತು. ಈ ಪದ್ಧತಿಯು ಹಬ್ಬಿದ ರೀತಿಯು ಗಮನಿಸತಕ್ಕದ್ದು. ಗೆರೆಗಳ ಸ್ವರಲಿಪಿಯನ್ನು ಅಚ್ಚು ಹಾಕಲು ವಿಶೇಷ ಸಾಧನಗಳೂ ನುರಿತ ಕೆಲಸಗಾರರೂ ಬೇಕು. ಆದುದರಿಂದ ಹಾಡಿನ ಪುಸ್ತಕಗಳು ಬಡವನ ಕೈಗೆಟುಕದಷ್ಟು ತುಟ್ಟಿಯಾಗಿದ್ದುವು. ಸೋಲ್-ಫಾ ಲಿಪಿಗಾದರೋ ಯಾವ ಸಾಮಾನ್ಯ ಅಚ್ಚುಕೂಟದಲ್ಲಿಯೂ ಇರುವ ಅಕ್ಷರದ ಮೊಳೆಗಳೇ ಸಾಕು. ಕೆಲವೇ ಕಾಸಿಗೆ ಹಾಡಿನ ಹಾಳೆಯು ದೊರೆಯಿತು. ದಿನವಿಡೀ ದುಡಿದವರು ಸಂಜೆ ಪಾಠಶಾಲೆಯ ಕೋಣೆಯಲ್ಲಿ ಸೇರಿ, ಗೋಡೆಯ ಮೇಲಿನ ಸ್ವರಗಳ ಪಟವನ್ನು ನೋಡಿ ಕಲಿತರು. ಕಲಿತವರು ತಮ್ಮ ಊರಿಗೆ ಹೋಗಿ ಇನ್ನೊಬ್ಬರಿಗೆ ಕಲಿಸಿದರು. ದೀಪದಿಂದ ದೀಪವು ಹೊತ್ತಿದಂತೆ ವಿದ್ಯೆಯು ಊರಿಂದೂರಿಗೆ ನಡೆಯಿತು. ಪಡೆದುದನ್ನು ಹಂಚಿಕೊಳ್ಳುವ ಈ ಶೀಲವನ್ನು ದಾಸೋಹವೆಂದು ಕರೆಯಲು ಶರಣಧರ್ಮವನ್ನು ಬಲ್ಲವರು ಹಿಂಜರಿಯಲಾರರು.

1857ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಮಹಾಭವನದಲ್ಲಿ ಈ ಪದ್ಧತಿಯಲ್ಲಿ ಕಲಿತ 3,000 ಮಕ್ಕಳು ಒಟ್ಟಾಗಿ ಹಾಡಿದರು. ಕೇಳಲು 30,000 ಜನ ನೆರೆದಿದ್ದರು. ಅನೇಕ ಊರುಗಳಿಂದ, ಅನೇಕ ಗುರುಗಳ ಕೈಯಲ್ಲಿ ಕಲಿತು ಬಂದ ಮಕ್ಕಳು ಒಂದೇ ಕೊರಳಿನಂತೆ ಹಾಡಿದುದನ್ನು ಕಂಡು, ಅದುವರೆಗೆ ಇದನ್ನು ಮಕ್ಕಳಾಟವೆಂದು ತಳ್ಳಿಹಾಕಿದ್ದವರೂ ಕಿವಿಗೊಡಬೇಕಾಯಿತು.

ಆದರೂ ವಿದ್ವಾಂಸರ ಅನಾದರವು ಬಹುಕಾಲ ತೊಲಗಲಿಲ್ಲ. ಗೆರೆಗಳ ಲಿಪಿಯನ್ನು ಬಲ್ಲ ಸಂಗೀತಗಾರರು ಅಕ್ಷರಗಳ ಈ ಲಿಪಿಯನ್ನು ಅಲ್ಪರ ವಿದ್ಯೆಯೆಂದು ಕಡೆಗಣಿಸಿದರು. ವಿದ್ಯೆಯ ಭಾಷೆಯು ಕಠಿಣವಾಗಿದ್ದಷ್ಟೂ ಅದರ ಗೌರವವು ಹೆಚ್ಚೆಂದು ಭಾವಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವವನ್ನು ತಿಳಿಗನ್ನಡಕ್ಕೆ ಇಳಿಸಿದ ಶರಣರ ಚರಿತ್ರೆಯನ್ನು ಓದಿದವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಕರ್ವೆನ್ನರು ಅನಾದರಕ್ಕೆ ಕೋಪದಿಂದ ಉತ್ತರ ಕೊಡುವುದಕ್ಕಿಂತ ಹೆಚ್ಚಾಗಿ ಹಾಡುವವರನ್ನೇ ಮುಂದೆ ನಿಲ್ಲಿಸಿದರು. 1867ರಲ್ಲಿ ಪ್ಯಾರಿಸ್ ನಗರದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಜೋಸೆಫ್ ಪ್ರೌಡ್‌ಮನ್ನರ ನಾಯಕತ್ವದ ಸೋಲ್-ಫಾ ಗಾನಮೇಳವು ಬಹುಮಾನವನ್ನು ಪಡೆಯಿತು. ಕಾಲಕ್ರಮದಲ್ಲಿ ಸರಕಾರದ ವಿದ್ಯಾ ಇಲಾಖೆಯೂ ಈ ಪದ್ಧತಿಯನ್ನು ಶಾಲೆಗಳಲ್ಲಿ ಮಾನ್ಯಮಾಡಿತು.

ಇಷ್ಟೊಂದು ಕೆಲಸವು ಒಂದು ದೇಹಕ್ಕೆ ಹಗುರವಾಗಿರಲಿಲ್ಲ. ಉಪದೇಶಕನ ಕರ್ತವ್ಯ, ಪಾಠ, ಪ್ರವಾಸ, ಪತ್ರಿಕೆ, ಪುಸ್ತಕ ಇವುಗಳ ನಡುವೆ ಅವರ ಆರೋಗ್ಯವು ಕುಂದಿತು. ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಲು 1863ರಲ್ಲಿ ಮುದ್ರಣಾಲಯವನ್ನು ತೆರೆದರು. 1864ರಲ್ಲಿ ಉಪದೇಶಕನ ಸ್ಥಾನವನ್ನು ಬಿಟ್ಟು, ಉಳಿದ ಆಯುಷ್ಯವನ್ನು ಸಮೂಹಗಾನಕ್ಕೇ ಮೀಸಲಿಟ್ಟರು. ಅವರ ದೃಷ್ಟಿಯಲ್ಲಿ ಇದು ಧರ್ಮಕಾರ್ಯವನ್ನು ತೊರೆದುದಲ್ಲ. ಅದರ ಅಂಗಳವನ್ನು ವಿಸ್ತರಿಸಿದುದು. 1869ರಲ್ಲಿ ಶಿಕ್ಷಕರನ್ನು ತರಬೇತು ಮಾಡುವ ಸೋಲ್-ಫಾ ವಿದ್ಯಾಲಯವು ಹುಟ್ಟಿತು.

ಈ ಪ್ರಯತ್ನದ ಫಲವನ್ನು ಕಾಣಬೇಕಾದರೆ ರಾಜಧಾನಿಯನ್ನು ಬಿಟ್ಟು ದೂರದ ಸೀಮೆಗಳಿಗೆ ಹೋಗಬೇಕು. ಇಂಗ್ಲೆಂಡಿನ ಪಶ್ಚಿಮಕ್ಕಿರುವ ವೇಲ್ಸ್ ಒಂದು ಸಣ್ಣ ನಾಡು. ಅಲ್ಲಿಯ ಜನರ ಭಾಷೆ ಬೇರೆ, ಬಾಳು ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ದಕ್ಷಿಣದ ಕಣಿವೆಗಳಲ್ಲಿ ಕಲ್ಲಿದ್ದಲಿನ ಗಣಿಗಳೂ ಕಬ್ಬಿಣದ ಕುಲುಮೆಗಳೂ ಎದ್ದುವು. ನಾನಾ ಊರುಗಳಿಂದ ದುಡಿಮೆಗೆ ಬಂದು ಸೇರಿದ ಜನರಿಗೆ ಒಬ್ಬರಿಗೊಬ್ಬರ ಪರಿಚಯವಿಲ್ಲ. ನೆಲದೊಳಗಿನ ಕತ್ತಲೆ, ಯಾವ ಗಳಿಗೆಯಲ್ಲಿ ಬಂದೀತೆಂದು ಹೇಳಲಾಗದ ಮೃತ್ಯು, ದಣಿವನ್ನು ಮರೆಯಲು ಹೆಂಡದಂಗಡಿ. ಅಂಥ ಊರುಗಳಲ್ಲಿ ಪ್ರಾರ್ಥನಾ ಮಂದಿರದ ಗಾನಮೇಳವೇ ಜನರನ್ನು ಕಟ್ಟಿದ ಹಗ್ಗವಾಯಿತು. ಯೂಆನ್ ಗ್ವಿಲ್ಟ್ ಎಂಬ ಕಾವ್ಯನಾಮದ ಜಾನ್ ರಾಬರ್ಟ್ಸರು 1859ರಲ್ಲಿ ವೆಲ್ಷ್ ಭಾಷೆಯ ಪ್ರಾರ್ಥನಾಗೀತಗಳ ಧಾಟಿಗಳ ಸಂಗ್ರಹವನ್ನು ಪ್ರಕಟಿಸಿದ್ದರು. ಮುಂದೆ ಅದು ಸೋಲ್-ಫಾ ಲಿಪಿಯಲ್ಲಿಯೂ ಬಂದಿತು. ಪಾನನಿರೋಧ ಸಂಘಗಳೂ ಈ ಲಿಪಿಯನ್ನು ಕೈಕೊಂಡು ಮಕ್ಕಳ ಮೇಳಗಳನ್ನು ಕಟ್ಟಿದುವು. ಸಂಜೆಯ ಹೊತ್ತು ಹೋಗಲು ಹೆಂಡದಂಗಡಿಯಲ್ಲದೆ ಇನ್ನೊಂದು ಬಾಗಿಲು ತೆರೆಯಿತು.

ಪಾಶ್ಚಾತ್ಯರ ಸಮೂಹಗಾನದಲ್ಲಿ ಎಲ್ಲರೂ ಒಂದೇ ಧಾಟಿಯನ್ನು ಹಾಡುವುದಿಲ್ಲ. ಹೆಂಗಸರ ಎತ್ತರದ ದನಿಗೆ ಒಂದು, ತಗ್ಗಿನ ದನಿಗೆ ಒಂದು, ಹಾಗೆಯೇ ಗಂಡಸರಿಗೆ ಎರಡು, ಹೀಗೆ ನಾಲ್ಕು ಧಾಟಿಗಳು ಏಕಕಾಲದಲ್ಲಿ ನಡೆದು ಒಂದು ಗಾನವಾಗುತ್ತವೆ. ಇದರಲ್ಲಿ ತನ್ನ ದನಿಯನ್ನೇ ಮೆರೆಸಹೊರಟವನು ಎಲ್ಲರ ಹಾಡನ್ನೂ ಕೆಡಿಸುತ್ತಾನೆ. ಅಂಜಿ ಸುಮ್ಮನಿದ್ದವನು ತನ್ನ ಪಾಲಿನ ಧಾಟಿಯನ್ನು ಬಡವಾಗಿಸುತ್ತಾನೆ. ತಾನು ಹಾಡುತ್ತಲೇ ನೆರೆಯವನನ್ನು ಕೇಳಬೇಕು. ಗಣಿಯ ಒಡೆಯನ ಮುಂದೆ ತಲೆಬಾಗುತ್ತಿದ್ದ ಕೂಲಿಯು ಇಲ್ಲಿ ತನ್ನ ಧಾಟಿಗೆ ತಾನೇ ಹೊಣೆಗಾರನಾದನು. 1872ರಲ್ಲಿ ಕ್ಯಾರಡಾಗ್ ಎಂದು ಹೆಸರಾದ ಗ್ರಿಫಿತ್ ರೀಸ್ ಜೋನ್ಸರು ದಕ್ಷಿಣ ವೇಲ್ಸಿನ ಸುಮಾರು 450 ಗಾಯಕರ ಮೇಳವನ್ನು ಕ್ರಿಸ್ಟಲ್ ಪ್ಯಾಲೆಸ್ಸಿನ ಸ್ಪರ್ಧೆಗೆ ಕರೆದೊಯ್ದರು. ಕ್ಯಾರಡಾಗರು ಮೊದಲು ಕಮ್ಮಾರಿಕೆಯನ್ನು ಮಾಡಿದವರು. ಮೇಳದಲ್ಲಿದ್ದವರು ಬಹುಮಟ್ಟಿಗೆ ದುಡಿಯುವ ಜನ. ಆ ವರ್ಷ ಎದುರಾಳಿಗಳೇ ಬರಲಿಲ್ಲ. 1873ರಲ್ಲಿ ಲಂಡನ್ನಿನ ಮೇಳವು ಎದುರು ನಿಂತಿತು. ಕಣಿವೆಯ ಜನರೇ ಗೆದ್ದರು. ಆ ಗಾಯಕರಲ್ಲಿ ಅನೇಕರಿಗೆ ಹಾಡಿನ ಓದು ದೊರೆತುದು ಸೋಲ್-ಫಾದ ಅಕ್ಷರಗಳಿಂದ.

ಪದ್ಧತಿಯು ಸಮುದ್ರಗಳನ್ನೂ ದಾಟಿತು. ಮಿಷನರಿಗಳು ಅದನ್ನು ಮಡಗಾಸ್ಕರ್ ದ್ವೀಪಕ್ಕೂ ದಕ್ಷಿಣ ಆಫ್ರಿಕಕ್ಕೂ ಒಯ್ದರು. 1897ರಲ್ಲಿ ಎನಾಕ್ ಸೊಂಟೊಂಗ ಎಂಬ ಆಫ್ರಿಕದ ಶಾಲಾಶಿಕ್ಷಕನು ಸೋಲ್-ಫಾದಲ್ಲಿ ಧಾಟಿ ಕಟ್ಟಿದ ಪ್ರಾರ್ಥನಾಗೀತವು, ಒಂದು ಶತಮಾನದ ತರುವಾಯ ಆ ದೇಶದ ರಾಷ್ಟ್ರಗೀತೆಯ ಮೊದಲ ಭಾಗವಾಯಿತು. ಭಾರತದ ಈಶಾನ್ಯದಲ್ಲಿರುವ ಮಿಜೋರಮಿನ ಬೆಟ್ಟಗಳಿಗೆ ವೇಲ್ಸಿನ ಮಿಷನರಿಗಳು ಇದನ್ನು ತಂದರು. ಅಲ್ಲಿಯ ಹಳ್ಳಿಹಳ್ಳಿಯ ಗಾನಮೇಳಗಳು ಇಂದಿಗೂ ಈ ಅಕ್ಷರಗಳನ್ನು ನೋಡಿಯೇ ನಾಲ್ಕು ಧಾಟಿಗಳಲ್ಲಿ ಹಾಡುತ್ತವೆ.

ಗುಣದೊಡನೆ ಮಿತಿಯನ್ನೂ ಹೇಳುವುದು ನ್ಯಾಯ. ಮೊದಲು ಕರ್ವೆನ್ನರು ತಮ್ಮ ಲಿಪಿಯನ್ನು ಗೆರೆಗಳ ಲಿಪಿಗೆ ಏರುವ ಮೆಟ್ಟಿಲೆಂದು ಎಣಿಸಿದ್ದರು. 1872ರಲ್ಲಿ ತಮ್ಮ ಮುಖ್ಯ ಪಾಠಪುಸ್ತಕದಿಂದ ಗೆರೆಗಳ ಲಿಪಿಯನ್ನು ತೆಗೆದೇಬಿಟ್ಟರು. ಅದರಿಂದ ಪದ್ಧತಿಯು ಇನ್ನೂ ಸುಲಭವಾಯಿತಾದರೂ, ಅದನ್ನು ಮಾತ್ರ ಕಲಿತವರಿಗೆ ವಾದ್ಯಸಂಗೀತದ ದೊಡ್ಡ ಪ್ರಪಂಚವು ದೂರವೇ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲಿ ಅದರ ಬಳಕೆಯು ಇಳಿಮುಖವಾಯಿತು. ಆದರೆ ಬೀಜವು ಸಾಯಲಿಲ್ಲ. 1967ರಲ್ಲಿ ತೀರಿಕೊಂಡ ಹಂಗೇರಿಯ ಹೆಸರಾಂತ ಸಂಗೀತಕಾರ ಜೋಲ್ಟಾನ್ ಕೊಡಾಯಿ ಅವರ ಬೋಧನಕ್ರಮದಲ್ಲಿ ಕರ್ವೆನ್ನರ ಕೈಸನ್ನೆಗಳು ಮತ್ತೆ ಚಿಗುರಿದುವು. ಆ ಮೂಲಕ ಅನೇಕ ದೇಶಗಳ ಮಕ್ಕಳ ಶಾಲೆಗಳನ್ನು ಸೇರಿದುವು.

1880ರ ಆರಂಭದಲ್ಲಿ ಕರ್ವೆನ್ನರ ಧರ್ಮಪತ್ನಿ ಮೇರಿಯವರು ಅಗಲಿದರು. ಅದೇ ವರ್ಷ ಮೇ 26ರಂದು ಮ್ಯಾಂಚೆಸ್ಟರಿನಲ್ಲಿ ಕರ್ವೆನ್ನರೂ ತಮ್ಮ 63ನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು. ಮಗ ಜಾನ್ ಸ್ಪೆನ್ಸರ್ ಕರ್ವೆನ್ನರು ಕೆಲಸವನ್ನು ಮುಂದುವರಿಸಿ, 1882ರಲ್ಲಿ ಸ್ಟ್ರ್ಯಾಟ್‌ಫರ್ಡಿನಲ್ಲಿ ಸಾಮಾನ್ಯ ಜನರ ಸಂಗೀತೋತ್ಸವವನ್ನು ಪ್ರಾರಂಭಿಸಿದರು.

ಕೂಡಿ ಹಾಡುವುದರ ಗುಣವನ್ನು ಇಂದು ವಿಜ್ಞಾನಿಗಳೂ ಪರೀಕ್ಷಿಸುತ್ತಿದ್ದಾರೆ. ಹಾಡುವವರು ಒಂದೇ ವೇಳೆಗೆ ಉಸಿರೆಳೆದು ಒಂದೇ ವೇಳೆಗೆ ಬಿಡುವುದರಿಂದ, ಅವರ ಹೃದಯದ ಬಡಿತಗಳು ಜೊತೆಜೊತೆಯಾಗಿ ಏರಿಳಿಯುವುವೆಂದು ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಹೃದಯಗಳು ಒಂದಾಗುವುವೆಂಬ ಹಿರಿಯರ ಮಾತು ಬರಿಯ ಅಲಂಕಾರವಲ್ಲವೆಂದಾಯಿತು.

ಕೊರಳು ಚೆನ್ನಾಗಿಲ್ಲವೆಂದು ಭಜನೆಯ ಸಾಲಿನ ಹಿಂದೆ ಮೌನವಾಗಿ ಕೂರುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಮನೆಯಲ್ಲಿ ಹಾಡಬೇಡವೆನ್ನಿಸಿಕೊಂಡ ಮಕ್ಕಳೂ ಇದ್ದಾರೆ. ಅವರೆಲ್ಲರಿಗೂ ಕರ್ವೆನ್ನರ ಬಾಳು ಅಭಯವನ್ನು ಕೊಡುತ್ತದೆ. ತನಗೆ ಬಾರದುದನ್ನು ಕಂಡು ನಾಚಿ ಹಿಂದೆ ಸರಿಯದೆ, ಬಾರದವರೆಲ್ಲರಿಗೂ ದಾರಿಯಾಗುವಂತೆ ಅದನ್ನು ತಿರುಗಿಸಿದುದೇ ಅವರ ದೊಡ್ಡತನ. ಗೃಹಸ್ಥರು ಸಂಜೆಯ ಹೊತ್ತು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಸ್ವರವು ತಪ್ಪಿದರೂ ಗದರದೆ, ಒಂದು ವಚನವನ್ನು ಕೂಡಿ ಹಾಡಿದರೆ ಆ ಮಹನೀಯರ ಶ್ರಮವು ಈ ನೆಲದಲ್ಲಿಯೂ ಫಲಿಸಿದಂತಾಗುವುದು.